ವಿಮೆಯ ಪುರಾವೆ ಬೇರೆ, ವಿಮೆಯ ರಕ್ಷಣೆ ಬೇರೆ

ಜರ್ಮನಿಯ ವಿಶ್ವವಿದ್ಯಾಲಯವೊಂದರ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ನಾನು ಕೆಲಸ ಮಾಡುತ್ತೇನೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಆರಂಭವಾಗುವುದರಿಂದ ಆಗಸ್ಟ್ ತಿಂಗಳಿಂದಲೇ ನಮ್ಮ ವಿಭಾಗದಲ್ಲಿ ಎಂ10 ಬಿಟ್ಟರೆ ಬೇರೆ ಮಾತಿರುವುದಿಲ್ಲ. ವಿದ್ಯಾರ್ಥಿಯ ಆರೋಗ್ಯ ವಿಮೆಯ ಸ್ಥಿತಿಯನ್ನು ವಿಮಾ ಸಂಸ್ಥೆ ನಮಗೆ ತಿಳಿಸುವ ಸಂದೇಶವೇ ಎಂ10; ಅದು ಬಂದ ಕಡತ ಹಸಿರು, ಬಾರದ್ದು ಕೆಂಪು. ಬೆಳಗ್ಗೆ ಬಂದೊಡನೆ ಪಟ್ಟಿ ತೆರೆಯಬೇಕು, ಕೆಂಪು ಗುರುತಿರುವ ವಿದ್ಯಾರ್ಥಿಗಳಿಗೆ ಜ್ಞಾಪನ ಪತ್ರ ಕಳುಹಿಸಬೇಕು, ಹಸಿರಾದ ಕಡತಗಳನ್ನು ನೋಂದಣಿಯ ಮೇಜಿಗೆ ದಾಟಿಸಬೇಕು. 2022ರ ಜನವರಿಯಿಂದ ಈ ಸಂದೇಶಗಳು ಕಡ್ಡಾಯವಾಗಿ ವಿಮಾ ಸಂಸ್ಥೆಯಿಂದ ನೇರವಾಗಿ ನಮ್ಮ ಕಂಪ್ಯೂಟರಿಗೇ ಬರುತ್ತಿವೆ. ಅದಕ್ಕೂ ಮುನ್ನ ವಿದ್ಯಾರ್ಥಿಗಳು ಕಾಗದದ ಪ್ರಮಾಣಪತ್ರ ಹಿಡಿದು ಕಿಟಕಿಯ ಮುಂದೆ ನಿಲ್ಲುತ್ತಿದ್ದರು. ಆಗ ಆ ಕಾಗದವನ್ನು ಯಾರಾದರೊಬ್ಬರು ಓದುತ್ತಿದ್ದರು, ಅನುಮಾನ ಬಂದರೆ ಎದುರಿಗಿದ್ದ ವಿದ್ಯಾರ್ಥಿಯನ್ನೇ ಕೇಳುತ್ತಿದ್ದರು. ಈಗ ನಾವು ಓದುವುದು ಬಣ್ಣವನ್ನು ಮಾತ್ರ.

ಆ ಹಸಿರು ಬಣ್ಣದ ಅರ್ಥವನ್ನು ನಾನು ಬಹಳ ಕಾಲ ಪೂರ್ತಿಯಾಗಿ ಯೋಚಿಸಿರಲಿಲ್ಲ. ವಿದ್ಯಾರ್ಥಿ ಸರ್ಕಾರಿ ಆರೋಗ್ಯ ವಿಮೆಯ ಸದಸ್ಯನಾಗಿದ್ದರೂ ಎಂ10 ಬರುತ್ತದೆ; ಸರ್ಕಾರಿ ವಿಮೆ ಬೇಡವೆಂದು ಬರೆದುಕೊಟ್ಟು ಅದರಿಂದ ವಿನಾಯಿತಿ ಪಡೆದಿದ್ದರೂ ಎಂ10 ಬರುತ್ತದೆ. ಎರಡರಲ್ಲೂ ನೋಂದಣಿಗೆ ಕಾನೂನಿನ ಅಡ್ಡಿ ಇರುವುದಿಲ್ಲವಾದ್ದರಿಂದ ನಮ್ಮ ತಂತ್ರಾಂಶ ಎರಡಕ್ಕೂ ಒಂದೇ ಹಸಿರು ಹಚ್ಚುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಕಡತದೊಳಗೆ ಹೋಗಿ ಮತ್ತೊಂದು ಪುಟ ತೆರೆಯಬೇಕು. ಸಾವಿರಾರು ಕಡತಗಳಿರುವ ಋತುವಿನಲ್ಲಿ ಆ ಪುಟವನ್ನು ಯಾರೂ ತೆರೆಯುವುದಿಲ್ಲ, ತೆರೆಯಬೇಕೆಂದು ನಮಗೆ ಯಾರೂ ಹೇಳಿಯೂ ಇರಲಿಲ್ಲ.

ವಿನಾಯಿತಿಯ ದಾರಿ ಹಿಡಿಯುವವರು ಯಾರು ಎಂಬುದನ್ನು ಹೇಳದೆ ಮುಂದಿನ ಮಾತು ಅರ್ಥವಾಗದು. ಮೂವತ್ತು ವರ್ಷ ದಾಟದ ವಿದ್ಯಾರ್ಥಿಗೆ ಇಲ್ಲಿ ಸರ್ಕಾರಿ ವಿಮೆಯ ವಿಶೇಷ ದರವಿದೆ. ಆರೈಕೆ ವಿಮೆಯೂ ಸೇರಿ 2025ರಲ್ಲಿ ಅದು ತಿಂಗಳಿಗೆ ಸುಮಾರು 145 ಯೂರೋ ಆಗುತ್ತಿತ್ತು. ಆ ವರ್ಷ ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗಿಷ್ಟೆಂದು ಮಾತ್ರ ಹಣ ತೆಗೆಯಬಹುದಾದ ಖಾತೆಯಲ್ಲಿ) ಇಡಬೇಕಿದ್ದ 11,904 ಯೂರೋಗಳಿಂದ ವಿದ್ಯಾರ್ಥಿಯ ಕೈಗೆ ತಿಂಗಳಿಗೆ ಸಿಗುತ್ತಿದ್ದುದು 992 ಯೂರೋ. ಅದರಲ್ಲಿ ಏಳನೆಯ ಒಂದು ಭಾಗ ವಿಮೆಗೇ ಹೋಗುತ್ತಿತ್ತು. ಬ್ಯಾಂಕಿನಲ್ಲಿ ಸಾಲ ಮಾಡಿ, ಸೈಟು ಅಡವಿಟ್ಟು ಮಕ್ಕಳನ್ನು ಕಳುಹಿಸುವ ನಮ್ಮ ಕಡೆಯ ಮನೆಗಳಲ್ಲಿ ಈ ಲೆಕ್ಕ ಭಾರವಾಗಿಯೇ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಕನ್ಸಲ್ಟೆನ್ಸಿಯವರು ಅದರ ಮೂರನೆಯ ಒಂದರಷ್ಟು ಬೆಲೆಗೆ ಖಾಸಗಿ ಪಾಲಿಸಿಯೊಂದನ್ನು ಮುಂದಿಟ್ಟು, ಇದನ್ನೂ ವಿಶ್ವವಿದ್ಯಾಲಯ ಒಪ್ಪುತ್ತದೆ ಎನ್ನುತ್ತಾರೆ. ಒಪ್ಪುತ್ತದೆ ಎಂಬುದು ಸುಳ್ಳಲ್ಲ. ಬೇರೊಂದು ವಿಮೆ ಇದೆಯೆಂದು ತೋರಿಸಿ, ವಿಮೆ ಕಡ್ಡಾಯವಾದ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಸರ್ಕಾರಿ ವಿಮಾ ಸಂಸ್ಥೆ ವಿನಾಯಿತಿ ಕೊಡುತ್ತದೆ. ಆದರೆ ಒಮ್ಮೆ ಕೊಟ್ಟ ವಿನಾಯಿತಿಯನ್ನು ಹಿಂದಕ್ಕೆ ಪಡೆಯಲಾಗದು, ಓದು ಮುಗಿಯುವ ತನಕ ವಿದ್ಯಾರ್ಥಿ ದರದ ಬಾಗಿಲು ಮುಚ್ಚಿಯೇ ಇರುತ್ತದೆ. ಪಾಲಿಸಿ ಮಾರುವವರು ಈ ಎರಡನೆಯ ಮಾತನ್ನು ಹೇಳಿದ್ದನ್ನು ನಾನು ಇಲ್ಲಿಯವರೆಗೆ ಯಾವ ವಿದ್ಯಾರ್ಥಿಯ ಬಾಯಿಂದಲೂ ಕೇಳಿಲ್ಲ.

ಫೆಬ್ರವರಿಯ ಪರೀಕ್ಷೆಗಳ ಸಮಯದಲ್ಲಿ ಒಂದು ಸಂಜೆ ನನ್ನ ಕಚೇರಿಯ ದೂರವಾಣಿಗೆ ಕರೆ ಬಂತು. ಹಾಸ್ಟೆಲಿನಲ್ಲಿದ್ದ ಕನ್ನಡದ ಹುಡುಗಿ, ಓರಿಯೆಂಟೇಶನ್ ದಿನ ನನ್ನ ಜೊತೆ ಕನ್ನಡದಲ್ಲಿ ಮಾತನಾಡಿ ಸಂತೋಷಪಟ್ಟವಳು. "ಮೇಡಂ, ನನ್ನ ರೂಮ್‌ಮೇಟ್ ಬೆಳಗ್ಗೆಯಿಂದ ವಾಂತಿ ಮಾಡ್ತಿದ್ದಾಳೆ, ಹೊಟ್ಟೆ ನೋವು ಅಂತಿದ್ದಾಳೆ, ಏನ್ ಮಾಡ್ಲಿ?" ಎಂದಳು. ರೂಮ್‌ಮೇಟ್ ಹಾಸನ ಜಿಲ್ಲೆಯವಳು, ಸ್ನಾತಕೋತ್ತರ ಪದವಿಯ ಮೊದಲ ವರ್ಷ. ಪರೀಕ್ಷೆಯ ಕಾಲದಲ್ಲಿ ನಿದ್ದೆಗೆಟ್ಟು, ಹೊತ್ತಿಗೆ ಸರಿಯಾಗಿ ಉಣ್ಣದೆ ಹೊಟ್ಟೆ ಕೆಡಿಸಿಕೊಳ್ಳುವ ವಿದ್ಯಾರ್ಥಿಗಳ ಕರೆಗಳು ನಮಗೆ ಹೊಸದಲ್ಲ. ನಾನು ಇದನ್ನೂ ಅದೇ ಸಾಲಿಗೆ ಸೇರಿಸಿದೆ. ವೈದ್ಯರ ಕ್ಲಿನಿಕ್ಕುಗಳು ಮುಚ್ಚಿರುವ ಹೊತ್ತಿನ 116117 ಸಂಖ್ಯೆಯನ್ನು ಕೊಟ್ಟು, ಅಲ್ಲಿ ಕೇಳಿ, ಯಾವ ಕ್ಲಿನಿಕ್ ತೆರೆದಿದೆಯೋ ಅಲ್ಲಿಗೆ ಕರೆದುಕೊಂಡು ಹೋಗು ಎಂದೆ.

"ಅವಳು ಬರಲ್ಲ ಅಂತಿದ್ದಾಳೆ ಮೇಡಂ. ಇನ್ಶೂರೆನ್ಸ್‌ನವರು ದುಡ್ಡು ಕೊಡಲ್ಲ ಅಂತ ಅಳ್ತಿದ್ದಾಳೆ."

ಆಗ ನಾನು ಮಾಡಿದ್ದನ್ನು ಇವತ್ತಿಗೂ ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿರುತ್ತೇನೆ. ಅವಳ ಕಡತ ತೆರೆದೆ, ಹಸಿರು ಗುರುತು ನೋಡಿದೆ, ನೋಡಿ ಧೈರ್ಯ ಹೇಳಿದೆ. ನಿನಗೆ ವಿಮೆ ಇದೆ, ನನ್ನ ಪರದೆಯ ಮೇಲೆಯೇ ಕಾಣುತ್ತಿದೆ, ಆಂಬ್ಯುಲೆನ್ಸ್ ಕರೆದರೂ ನಿನ್ನ ಪಾಲಿಗೆ ಬರುವುದು ಹೆಚ್ಚೆಂದರೆ 10 ಯೂರೋ ಎಂದು ಫೋನಿನ ಸ್ಪೀಕರ್ ಮೂಲಕ ಅವಳಿಗೇ ಕೇಳಿಸುವಂತೆ ಹೇಳಿದೆ. ಸರ್ಕಾರಿ ವಿಮೆಯವರಿಗೆ ಅದು ನಿಜ. ಅವಳು ಇಲ್ಲ, ಇಲ್ಲ ಎನ್ನುತ್ತಲೇ ಇದ್ದಳು. ನಾನು ಇದೆ, ಇದೆ ಎನ್ನುತ್ತಲೇ ಇದ್ದೆ. ಆ ಮಾತಿನ ಜಗ್ಗಾಟದಲ್ಲಿ ಕೆಲವು ನಿಮಿಷಗಳು ಹೋದವು. ಅವಳು ನನಗಿಂತ ಚೆನ್ನಾಗಿ ತನ್ನ ಪಾಲಿಸಿಯನ್ನು ತಿಳಿದಿದ್ದಳು, ಮತ್ತು ನಾನು ವಿಮೆಯ ವಿಷಯ ಮಾತನಾಡುತ್ತಾ ಕಾಯಿಲೆಯ ವಿಷಯ ಕೇಳುವುದನ್ನೇ ಬಿಟ್ಟಿದ್ದೆ.

ಕೊನೆಗೆ ಗೆಳತಿಯೇ ದನಿ ತಗ್ಗಿಸಿ ಹೇಳಿದಳು: "ಮೇಡಂ, ಅವಳಿಗೆ ಚಿಕ್ಕಂದಿನಿಂದ ಶುಗರ್ ಇದೆ. ಊರಿಂದ ತಂದ ಇನ್ಸುಲಿನ್ ಮುಗೀತಾ ಬಂತು ಅಂತ ಅರ್ಧರ್ಧ ತಗೊಳ್ತಿದ್ಲು. ನಿನ್ನೆಯಿಂದ ಊಟ ಮಾಡಿಲ್ಲ ಅಂತ ಅದನ್ನೂ ತಗೊಂಡಿಲ್ಲ. ಉಸಿರು ತುಂಬಾ ಜೋರಾಗಿ ಎಳೀತಿದ್ದಾಳೆ, ಕರೆದ್ರೆ ಸರಿಯಾಗಿ ಕಣ್ಣು ಬಿಡ್ತಿಲ್ಲ."

ಟೈಪ್ 1 ಮಧುಮೇಹಿ ಉಣ್ಣದಿದ್ದರೂ ಇನ್ಸುಲಿನ್ ಬಿಡುವಂತಿಲ್ಲ. ಬಿಟ್ಟರೆ ರಕ್ತದಲ್ಲಿ ಆಮ್ಲ ಏರಿ ವಾಂತಿ, ಹೊಟ್ಟೆನೋವು, ಆಳವಾದ ಉಸಿರಾಟ, ಆಮೇಲೆ ಮಂಪರು ಬರುತ್ತದೆ. ನಮ್ಮ ಸಂಬಂಧಿಕರಲ್ಲೊಬ್ಬರಿಗೆ ಹಾಗಾಗಿದ್ದರಿಂದ ಇದು ನನಗೆ ಗೊತ್ತಿತ್ತು. 116117 ಇಂಥ ಸ್ಥಿತಿಗೆ ಇರುವ ಸಂಖ್ಯೆಯಲ್ಲ. ಮೇಜಿನ ದೂರವಾಣಿಯಲ್ಲಿ ಅವಳ ಗೆಳತಿಯನ್ನು ಹಿಡಿದಿಟ್ಟುಕೊಂಡೇ ನನ್ನ ಮೊಬೈಲಿನಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ, ಹಾಸ್ಟೆಲಿನ ವಿಳಾಸ, ಮಹಡಿ, ಕಾಯಿಲೆಯ ಹೆಸರು ಹೇಳಿದೆ. ಕೆಳಗೆ ಹೋಗಿ ಬಾಗಿಲು ತೆರೆದು ನಿಲ್ಲುವಂತೆ ಪಕ್ಕದ ಕೋಣೆಯವರಿಗೆ ಹೇಳಿಸಿದೆ. ಆಂಬ್ಯುಲೆನ್ಸ್ ಬರುವ ತನಕ ಗೆಳತಿ ಅವಳ ಹೆಸರು ಹಿಡಿದು ಕೂಗುತ್ತಿದ್ದುದು ನನಗೆ ಕೇಳುತ್ತಿತ್ತು. ರೋಗಿಯ ಬಳಿ ಯಾವ ವಿಮೆಯಿದೆ ಎಂದು 112ರವರು ಕೇಳಲೇ ಇಲ್ಲ.

ಹುಡುಗಿ ಐಸಿಯುವಿನಲ್ಲಿದ್ದು ಚೇತರಿಸಿಕೊಂಡಳು. ಎಲ್ಲಕ್ಕಿಂತ ದೊಡ್ಡ ಮಾತು ಅದೇ, ಉಳಿದದ್ದೆಲ್ಲ ಹಣದ ವಿಷಯ. ಆದರೆ ಆ ಹಣದ ಹೆದರಿಕೆಯೇ ಅವಳನ್ನು ಆ ಸ್ಥಿತಿಗೆ ತಂದಿದ್ದರಿಂದ ಅದನ್ನೂ ಹೇಳಬೇಕು. ಸರ್ಕಾರಿ ವಿಮೆಯ ಕಾರ್ಡ್ ಇಲ್ಲದ್ದರಿಂದ ಆಸ್ಪತ್ರೆಯ ಆಡಳಿತ ವಿಭಾಗ ಖಾಸಗಿ ಸಂಸ್ಥೆಯಿಂದ ವೆಚ್ಚ ಭರಿಸುವ ಒಪ್ಪಿಗೆ ಪತ್ರ ಕೇಳಿತು. ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆ ಎಂಬ ಕಾರಣ ಕೊಟ್ಟು ಸಂಸ್ಥೆ ನಿರಾಕರಿಸಿಬಿಟ್ಟಿತು. ಪಾಲಿಸಿಯ ಷರತ್ತುಗಳಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ಮರುದಿನ ಕಡತದ ಒಳಪುಟ ತೆರೆದಾಗ, ಅಕ್ಟೋಬರಿನ ಮೊದಲ ವಾರದಲ್ಲೇ ವಿನಾಯಿತಿ ಮಂಜೂರಾಗಿದ್ದು ನನಗೆ ಕಂಡಿತು.

ಅವಳ ತಂದೆ ಊರಿನಿಂದ ಕರೆ ಮಾಡಿ ಕೇಳಿದ ಪ್ರಶ್ನೆ ಸರಳವಾಗಿತ್ತು. "ಇನ್ಶೂರೆನ್ಸ್ ಕಟ್ಟಿದೀವಲ್ಲ ಮೇಡಂ, ರಸೀತಿನೂ ಐತೆ. ಮತ್ತ್ಯಾಕೆ ಕೊಡಲ್ಲ ಅಂತಾರೆ?" ಮಾತು ಮುಂದುವರಿದಂತೆ ತಿಳಿದದ್ದೇನೆಂದರೆ, ಮಗಳಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅವರು ಕನ್ಸಲ್ಟೆನ್ಸಿಯಲ್ಲಿ ಬೇಕೆಂದೇ ಹೇಳಿರಲಿಲ್ಲ. ಹೇಳಿದರೆ ವೀಸಾಕ್ಕೆ ತೊಂದರೆಯಾಗುತ್ತದೆ, ಕಂತು ಹೆಚ್ಚುತ್ತದೆ ಎಂಬುದು ಅವರ ಅಂಜಿಕೆ. ಅವರನ್ನು ತಪ್ಪೆನ್ನಲು ನನಗೆ ಮನಸ್ಸಾಗದು. ನಮ್ಮ ದೇಶದಲ್ಲಿ ಆರೋಗ್ಯ ವಿಮೆ ಮಾಡಿಸಿದವರಿಗೆಲ್ಲ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಎಂಬುದೊಂದು ಇದೆಯೆಂದು ಗೊತ್ತು. ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಅದರ ಗರಿಷ್ಠ ಮಿತಿಯನ್ನು ನಾಲ್ಕು ವರ್ಷದಿಂದ ಮೂರು ವರ್ಷಕ್ಕೆ ಇಳಿಸಿದೆ, ಅಷ್ಟೆ. ಹಳೆಯ ಕಾಯಿಲೆಗೆ ವಿಮೆ ಸಿಗುವುದಿಲ್ಲ ಎಂಬುದನ್ನು ಲೋಕದ ನಿಯಮವೆಂದೇ ನಂಬಿ ಬೆಳೆದವರಿಗೆ, ಕಾಯಿಲೆಯ ವಿಷಯ ಕೇಳದೆಯೇ ಸೇರಿಸಿಕೊಳ್ಳುವ ವಿಮೆಯೊಂದು ಇರಬಹುದೆಂದು ಹೊಳೆಯುವುದಾದರೂ ಹೇಗೆ?

ಜರ್ಮನಿಯ ಸರ್ಕಾರಿ ವಿಮೆ ಇರುವುದು ಹಾಗೆಯೇ. 1883ರಲ್ಲಿ ಬಿಸ್ಮಾರ್ಕ್ ಕಾಲದ ಕಾನೂನಿನಿಂದ ಕಾರ್ಮಿಕರಿಗೆಂದು ಆರಂಭವಾದ ಈ ವ್ಯವಸ್ಥೆಯಲ್ಲಿ ಕಂತು ನಿರ್ಧಾರವಾಗುವುದು ವರಮಾನದಿಂದ, ಕಾಯಿಲೆಯಿಂದಲ್ಲ. ವಿದ್ಯಾರ್ಥಿಗಳಿಗಂತೂ ನಿಗದಿತ ದರ. ಸೇರಿದ ದಿನದಿಂದಲೇ ಹಳೆಯ ಕಾಯಿಲೆಗೂ ಚಿಕಿತ್ಸೆ ಉಂಟು. ಅವಳು ಅಕ್ಟೋಬರಿನಲ್ಲಿ ಸರ್ಕಾರಿ ವಿಮೆಗೆ ಸೇರಿದ್ದರೆ ಇನ್ಸುಲಿನ್ನಿಗೆ ಪ್ರತಿ ಔಷಧಕ್ಕೆ 5ರಿಂದ 10 ಯೂರೋ ಕೊಟ್ಟರೆ ಸಾಕಾಗುತ್ತಿತ್ತು, ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಕೂಡ ವೈದ್ಯರ ಚೀಟಿಯ ಮೇಲೆ ಸಿಗುತ್ತಿತ್ತು, ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೋ ಮಾತ್ರ ಅವಳ ಪಾಲಾಗುತ್ತಿತ್ತು. ತಿಂಗಳಿಗೆ ನೂರು ಯೂರೋ ಉಳಿತಾಯವೆಂದು ಅವಳಿಗೆ ಮಾರಿದ ಪಾಲಿಸಿ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ಒಂದೇ ಔಷಧವನ್ನು ಹೊರಗಿಟ್ಟಿತ್ತು. ಆರೋಗ್ಯವಂತ ವಿದ್ಯಾರ್ಥಿಗೂ ಆ ಪಾಲಿಸಿ ಒಳ್ಳೆಯದೆಂದು ನಾನು ಹೇಳುವುದಿಲ್ಲ, ಆದರೆ ಕಾಯಿಲೆ ಇರುವವರಿಗೆ ಅದನ್ನು ಮಾರುವುದು ಅನ್ಯಾಯವೇ ಸರಿ.

ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ನೆರವಾಗಿ ಬಿಲ್ಲನ್ನು ಕಂತುಗಳಲ್ಲಿ ಕಟ್ಟಲು ವ್ಯವಸ್ಥೆ ಮಾಡಿಸಿದರು. ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯ ಆಪತ್ತಿನ ನಿಧಿಗೆ ಅರ್ಜಿ ಬರೆದೆವು, ಸ್ವಲ್ಪ ಹಣ ಬಂತು. ಯಾರನ್ನೂ ನಿರಾಕರಿಸಬಾರದೆಂಬ ನಿಯಮವಿರುವ ಖಾಸಗಿ ಸಂಸ್ಥೆಗಳ ಬೇಸಿಸ್‌ಟಾರಿಫ್ ಎಂಬ ಮೂಲ ಪಾಲಿಸಿ 2009ರಿಂದ ಇದೆಯಾದರೂ ಅದರ ಕಂತು ವಿದ್ಯಾರ್ಥಿ ದರದ ಹಲವು ಪಟ್ಟು. ಸರ್ಕಾರಿ ವಿಮೆಗೆ ಮರಳಲು ಅವಳಿಗೆ ನಾವು ಕಂಡ ದಾರಿ ಓದು ಮುಗಿಸಿ ಉದ್ಯೋಗಕ್ಕೆ ಸೇರುವುದೊಂದೇ. ಅಲ್ಲಿಯವರೆಗೆ ಸರ್ಕಾರಿ ವಿಮೆ ಇಲ್ಲದವರಿಗೆ ವೈದ್ಯರು ಬರೆದುಕೊಡುವ ನೀಲಿ ಚೀಟಿಯ ಮೇಲೆ ಇನ್ಸುಲಿನ್ನನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತಿದ್ದಾಳೆ, ಅದಕ್ಕಾಗಿ ಗ್ರಂಥಾಲಯದಲ್ಲಿ ಕೆಲಸಕ್ಕೂ ಸೇರಿದ್ದಾಳೆ.

ಆಮೇಲೆ ನಮ್ಮ ವಿಭಾಗದಲ್ಲಿ ಏನು ಬದಲಾಯಿತು ಎಂಬುದನ್ನು ಹೇಳಲು ನನಗೆ ಸಿಟ್ಟೂ ಬರುತ್ತದೆ. ವಿನಾಯಿತಿ ಪಡೆದವರ ಕಡತಕ್ಕೆ ಹಳದಿ ಬಣ್ಣ ಕೊಡಿ ಎಂದು ಬರೆದುಕೊಟ್ಟ ಮನವಿಗೆ, ತಂತ್ರಾಂಶದಲ್ಲಿ ಎರಡೇ ಸ್ಥಿತಿಗಳಿಗೆ ಅವಕಾಶವಿದೆ ಎಂಬ ಉತ್ತರ ಬಂತು. ಮೇಲಿನವರಿಗೆ ಬೇಕಾದ ವಾರದ ವರದಿಯಲ್ಲಿ ಶೇಕಡಾ ಎಷ್ಟು ಹಸಿರಾಗಿದೆ ಎಂಬ ಅಂಕಣವಿದೆ, ಹಳದಿ ಸೇರಿಸಿದರೆ ಆ ಅಂಕಿ ಇಳಿಯುತ್ತದೆ ಎಂಬ ಮಾತನ್ನು ಸಭೆಯಲ್ಲಿ ಗಂಭೀರವಾಗಿಯೇ ಆಡಿದರು. ದಿನವೂ ಔಷಧ ತೆಗೆದುಕೊಳ್ಳುತ್ತೀರಾ ಎಂದು ನೋಂದಣಿಯ ಅರ್ಜಿಯಲ್ಲೇ ಕೇಳೋಣ ಎಂದರೆ ದತ್ತಾಂಶ ರಕ್ಷಣೆಯ ಅಧಿಕಾರಿ ಒಪ್ಪಲಿಲ್ಲ, ಮತ್ತು ಆ ವಿಷಯದಲ್ಲಿ ಅವರು ಹೇಳಿದ್ದೇ ಸರಿ. ವಿದ್ಯಾರ್ಥಿಯ ಕಾಯಿಲೆಯ ವಿವರ ನಮ್ಮ ಕಡತದಲ್ಲಿ ಇರಬಾರದು.

ಆದ್ದರಿಂದ ಕೇಳುವ ಬದಲು ಹೇಳುವುದನ್ನು ಆರಂಭಿಸಿದೆವು. ಪ್ರವೇಶ ಪತ್ರದ ಜೊತೆಗೇ ಈಗ ಒಂದು ಪುಟ ಹೋಗುತ್ತದೆ: ಸರ್ಕಾರಿ ವಿಮೆ ಕಾಯಿಲೆಯ ವಿಷಯ ಕೇಳುವುದಿಲ್ಲ, ವಿನಾಯಿತಿಗೆ ಸಹಿ ಹಾಕಿದರೆ ಓದು ಮುಗಿಯುವ ತನಕ ಹಿಂದಿರುಗಲಾಗದು, ಸಹಿ ಹಾಕುವ ಮೊದಲು ನಮ್ಮೊಡನೆ ಮಾತನಾಡಿ. ಪ್ರವೇಶಕ್ಕೆ ಮುನ್ನ ಭಾಷಾ ಕೋರ್ಸಿಗಷ್ಟೇ ಬರುವವರಿಗೂ ಮೂವತ್ತು ದಾಟಿದವರಿಗೂ ವಿದ್ಯಾರ್ಥಿ ದರ ಸಿಗುವುದಿಲ್ಲವಾದ್ದರಿಂದ ಅವರಿಗೆ ಬೇರೆ ಪುಟವಿದೆ. ಕರ್ನಾಟಕದಿಂದ ಬರುವವರಿಗಾಗಿ ಸೆಪ್ಟೆಂಬರಿನ ಶನಿವಾರಗಳಲ್ಲಿ ನಾನು ಕನ್ನಡದಲ್ಲಿ ಆನ್‌ಲೈನ್ ಮಾತುಕತೆ ನಡೆಸುತ್ತೇನೆ, ತಂದೆ ತಾಯಿಯರನ್ನೂ ಕೂರಿಸಿಕೊಳ್ಳಿ ಎನ್ನುತ್ತೇನೆ. ಮಕ್ಕಳ ಕಾಯಿಲೆಯ ಪ್ರಶ್ನೆಯನ್ನು ತಾಯಂದಿರು ಎಲ್ಲರ ಮುಂದೆ ಕೇಳುವುದಿಲ್ಲ. ಮಾತುಕತೆ ಮುಗಿದ ಮೇಲೆ ಪ್ರತ್ಯೇಕವಾಗಿ ಕರೆ ಮಾಡಿ ಆಸ್ತಮಾ, ಥೈರಾಯಿಡ್, ಮೂರ್ಛೆರೋಗ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ವೈದ್ಯರಿಂದ ಔಷಧದ ರಾಸಾಯನಿಕ ಹೆಸರು ಬರೆಸಿದ ಪತ್ರ ತರಲು, ಬಂದ ಮೊದಲ ತಿಂಗಳಲ್ಲೇ ಹೌಸ್‌ಆರ್ಟ್ಸ್, ಅಂದರೆ ಕುಟುಂಬ ವೈದ್ಯರ ಬಳಿ ಹೆಸರು ಬರೆಸಲು, ತಂದ ಔಷಧ ಮುಗಿಯುವ ತನಕ ಕಾಯದಿರಲು ಅವರಿಗೆ ಹೇಳುತ್ತೇನೆ.

ಸಹೋದ್ಯೋಗಿಗಳಿಗೆ ಒಂದೇ ಮಾತು. ಯಾರಾದರೂ ಅಸ್ವಸ್ಥರಾಗಿ ಕರೆ ಮಾಡಿದರೆ ಮೊದಲು ಉಸಿರು, ಪ್ರಜ್ಞೆ, ಇರುವ ಕಾಯಿಲೆ ಕೇಳಿ, ಬೇಕಾದರೆ 112ಕ್ಕೆ ನೀವೇ ಕರೆ ಮಾಡಿ. ಕಡತವನ್ನು ಆಮೇಲೆ ತೆರೆಯಿರಿ, ತೆರೆದಾಗ ಒಳಪುಟದ ತನಕ ಹೋಗಿ. ಹಳದಿ ಬಣ್ಣದ ಮನವಿ ಇನ್ನೂ ಬಾಕಿ ಇದೆ. ಅದು ಬರುವವರೆಗೆ ವಿನಾಯಿತಿ ಪಡೆದವರ ಪಟ್ಟಿಯನ್ನು ನಾನು ಒಳಪುಟಗಳಿಂದ ಕೈಯಾರೆ ತಯಾರಿಸಿ, ಪ್ರತಿಯೊಬ್ಬರಿಗೂ ನವೆಂಬರಿನೊಳಗೆ ಪತ್ರ ಬರೆಯುತ್ತಿದ್ದೇನೆ.