ಹ್ಞೂಂ ಅಂದರೆ ಹೌದು ಅಲ್ಲ

ನಾನು ನರ್ಸ್. ಕ್ಯಾಲಿಫೋರ್ನಿಯಾದ ಗಾರ್ಡನ್ ಗ್ರೋವ್‌ನ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಕೆಲಸ. ಪಕ್ಕದಲ್ಲೇ ಲಿಟಲ್ ಸೈಗಾನ್. 1975ರ ಏಪ್ರಿಲ್ 30ಕ್ಕೆ ದಕ್ಷಿಣ ವಿಯೆಟ್ನಾಂ ರಾಜಧಾನಿ ಸೈಗಾನ್ ಉತ್ತರದ ಸೇನೆಯ ಕೈಗೆ ಬಿದ್ದ ಮೇಲೆ ವಿಯೆಟ್ನಾಂ ಬಿಟ್ಟು ಬಂದವರು ಕಟ್ಟಿಕೊಂಡ ಪೇಟೆ ಅದು. ನಮ್ಮಲ್ಲಿಗೆ ಬರುವವರಲ್ಲಿ ಅವರೇ ಜಾಸ್ತಿ. ನಮ್ಮ ಡಾಕ್ಟರೂ ಹಾಗೆ ಬಂದವರೇ. ವಿಯೆಟ್ನಾಮೀಸಿನಲ್ಲಿ ಡಾಕ್ಟರಿಗೆ 'ಬಾಕ್ ಸಿ' ಅಂತಾರೆ. ನಾವೂ ಹಾಗೇ ಕರೆಯುತ್ತಿದ್ದೆವು. ಹೋದ ವರ್ಷ ಅವರು ತೀರಿಕೊಂಡರು. ಅವರ ಹತ್ತಿರ ಕಲಿತದ್ದನ್ನು ಬರೆದಿಡಬೇಕು ಅಂತ ಅವತ್ತಿನಿಂದ ಮನಸ್ಸಿನಲ್ಲಿತ್ತು.

ನಾನು ಸೇರಿದ ಮೊದಲ ತಿಂಗಳು. ಎಂಬತ್ತು ದಾಟಿದ ಒಬ್ಬ ಅಜ್ಜಿ ಬಂದಿದ್ದರು. ಬಿಪಿ ನೋಡಿದೆ, 182/96. ಭಾಷೆ ಬರುವ ಹುಡುಗಿ ಅವತ್ತು ರಜೆ. ಫೋನಿನಲ್ಲಿ ದುಭಾಷಿ ಸಿಗುವ ತನಕ ಕಾಯಬೇಕಿತ್ತು. ಹೊರಗೆ ಒಂಬತ್ತು ಜನ ಕೂತಿದ್ದರು, ನಾನು ಕಾಯಲಿಲ್ಲ. ಮಾತ್ರೆ ಡಬ್ಬಿ ಎತ್ತಿ ತೋರಿಸಿ, ಒಂದು ಬೆರಳೆತ್ತಿ, ದಿನಾ ಒಂದು ತಗೊಳ್ತೀರಾ ಅಂತ ಸನ್ನೆಯಲ್ಲಿ ಕೇಳಿದೆ. ಅಜ್ಜಿ ತಲೆ ಬಗ್ಗಿಸಿ 'ಯಾ' ಅಂದರು. ಎರಡನೇ ಡಬ್ಬಿ ತೋರಿಸಿದೆ. ಅದಕ್ಕೂ 'ಯಾ'. ಇಲ್ಲಿನ ಜನ ಹೌದು ಅನ್ನುವುದಕ್ಕೆ 'ಯಾ' ಅಂತಾರಲ್ಲ, ಅದೇ ಅಂದುಕೊಂಡೆ. ಮಾತ್ರೆ ತಪ್ಪದೆ ತಗೊಳ್ತಿದ್ದಾರೆ ಅಂತ ಕಂಪ್ಯೂಟರಿಗೆ ಹಾಕಿದೆ.

ನರ್ಸ್ ಬರೆಯುವ ಇಂಥ ಒಂದು ಸಾಲಿಗೆ ಎಷ್ಟು ತೂಕ ಇದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಮಾತ್ರೆ ತಗೊಂಡೂ ಬಿಪಿ ಇಳಿದಿಲ್ಲ ಅಂದರೆ ಡಾಕ್ಟರು ಡೋಸ್ ಏರಿಸುತ್ತಾರೆ, ಇಲ್ಲ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಆಮೇಲೆ ಅಜ್ಜಿ ಒಂದು ದಿನ ಎಲ್ಲವನ್ನೂ ನಿಜಕ್ಕೂ ನುಂಗಿದರೆ ಬಿಪಿ ಒಮ್ಮೆಲೇ ಇಳಿದು ತಲೆ ತಿರುಗಿ ಬೀಳುತ್ತಾರೆ. ಆ ವಯಸ್ಸಲ್ಲಿ ಸೊಂಟ ಮುರಿದರೆ ಮತ್ತೆ ಓಡಾಡುವುದು ಕಷ್ಟ.

ಬಾಕ್ ಸಿ ಬಂದರು. ಸ್ಟೂಲು ಎಳೆದುಕೊಂಡು, ಅಜ್ಜಿಗಿಂತ ತಗ್ಗಿನಲ್ಲಿ ಕೂತರು. ಮೊದಲ ಮಾತೇ 'ಆನ್ ಕಮ್ ಚುಆ?' ಅನ್ನ ಉಂಡ್ರಾ ಅಂತ. ನಮ್ಮ 'ಊಟ ಆಯ್ತಾ'ನೇ! ಯಾರು ಅಡುಗೆ ಮಾಡ್ತಾರೆ, ಒಬ್ಬರೇ ಉಣ್ತೀರಾ, ರುಚಿ ಹತ್ತುತ್ತಾ, ಹೀಗೆ ಮಾತು ಹೋಯಿತು. ಅವರು ತಮ್ಮನ್ನು 'ಕೊನ್' ಅಂತ ಹೇಳಿಕೊಳ್ಳುತ್ತಿದ್ದರು. ಕೊನ್ ಅಂದರೆ ಮಗು. ಆ ಭಾಷೆಯಲ್ಲಿ ಎಲ್ಲರ ಎದುರೂ ಒಂದೇ 'ನಾನು' ನಡೆಯಲ್ಲ. ಎದುರಿಗೆ ತಾಯಿ ವಯಸ್ಸಿನವರಿದ್ದರೆ ನೀವು ಮಗು ಆಗಬೇಕು. ಐವತ್ತರ ಹತ್ತಿರದ ಡಾಕ್ಟರು ಮಗುವಾಗಿ ಕೂತು ಕೇಳಿದರೆ ಯಾವ ಅಜ್ಜಿ ತಾನೇ ಮುಚ್ಚಿಡುತ್ತಾರೆ?

ಹತ್ತು ನಿಮಿಷಕ್ಕೆ ವಿಷಯ ಹೊರಗೆ ಬಂತು. ಅಜ್ಜಿ ದಿನ ಬಿಟ್ಟು ದಿನ ಮಾತ್ರೆ ತಗೊಳ್ತಿದ್ದರು. ಉಳಿಸಿದ್ದನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಊರಲ್ಲಿರುವ ತಂಗಿಗೂ ಬಿಪಿ. ಆ ಕಡೆ ಯಾರಾದರೂ ಹೊರಟಾಗ ಕಳಿಸಬೇಕು ಅಂತ.

ಅಜ್ಜಿ ಹೋದ ಮೇಲೆ ಬಾಕ್ ಸಿ ನನ್ನನ್ನು ಪಕ್ಕಕ್ಕೆ ಕರೆದರು. ಬೈಯಲಿಲ್ಲ. "ಅದು ಇಂಗ್ಲಿಷಿನ 'ಯಾ' ಅಲ್ಲ ತಂಗಿ, ನಮ್ಮ 'ಯಾ'. ಮರ್ಯಾದೆಗೆ ಹೇಳುವ ಮಾತು. ನೀನು ಹೇಳಿದ್ದು ಕೇಳಿಸ್ತು ಅಂತ, ಅಷ್ಟೇ" ಅಂದರು. ನನಗೆ ತಟ್ಟನೆ ನಮ್ಮಜ್ಜಿ ನೆನಪಾದರು. ಅವರು ಕಥೆ ಹೇಳುವಾಗ ಯಾರಾದರೂ ಹೂಂಗುಟ್ಟಲೇಬೇಕಿತ್ತು. ನಿದ್ದೆಗಣ್ಣಲ್ಲಿ ನಾವು ಎಷ್ಟು ಸಲ 'ಹ್ಞೂಂ' ಅಂದಿದ್ದೇವೋ! ಆ ಹ್ಞೂಂ ಅಂದರೆ ಹೌದು ಅಂತ ಯಾರಾದರೂ ಬರೆದುಕೊಳ್ಳುತ್ತಾರಾ?

ಇದನ್ನು ಹೇಳಿದಾಗ ಬಾಕ್ ಸಿ ತಮ್ಮ ಕಥೆ ಹೇಳಿದರು. ಅವರದು ಮೆಕಾಂಗ್ ನದಿ ಕಡೆಯ ಮಿ ತೋ ಊರು. ಅಪ್ಪ ದಕ್ಷಿಣ ವಿಯೆಟ್ನಾಂ ಸೇನೆಯಲ್ಲಿದ್ದವರು. ಯುದ್ಧ ಮುಗಿದ ಮೇಲೆ ಗೆದ್ದವರು ಅವರನ್ನು 'ಮರುಶಿಕ್ಷಣ' ಶಿಬಿರ ಅನ್ನುವ ಸೆರೆಗೆ ಹಾಕಿದರು. ವಾಪಸ್ ಬರಲಿಲ್ಲ. 1979ರಲ್ಲಿ ಅಮ್ಮ ದೊಡ್ಡ ಮಗನನ್ನು ಪಕ್ಕದ ಮನೆಯ ಚಿಕ್ಕಮ್ಮನ ಕೈಗೆ ಕೊಟ್ಟು ದೋಣಿ ಹತ್ತಿಸಿದರು. ಆಗ ಅವರಿಗೆ ಹದಿನಾಲ್ಕು. 1975ರಿಂದ 1995ರ ನಡುವೆ ಸುಮಾರು 8 ಲಕ್ಷ ಜನ ಹೀಗೆ ದೋಣಿಯಲ್ಲಿ ದಡ ಸೇರಿದರು. ಮುಳುಗಿದವರ ಸರಿಯಾದ ಲೆಕ್ಕ ಯಾರ ಹತ್ತಿರವೂ ಇಲ್ಲ. ಇವರ ದೋಣಿ ಮಲೇಷ್ಯಾದ ಪುಲಾವ್ ಬಿಡಾಂಗ್ ದ್ವೀಪ ಸೇರಿತು. ಆ ವರ್ಷ ಜೂನ್ ಹೊತ್ತಿಗೆ ಅಲ್ಲಿ ಒಂದು ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ಸುಮಾರು 40,000 ಜನ ತುಂಬಿದ್ದರು.

ಅಮೆರಿಕಕ್ಕೆ ಆರಿಸುವ ಅಧಿಕಾರಿ ಮೇಜಿನ ಮುಂದೆ ಕೂರಿಸಿ ಪ್ರಶ್ನೆ ಕೇಳಿದರಂತೆ. ದುಭಾಷಿ ಪಕ್ಕದ ಮೇಜಿಗೆ ಎದ್ದು ಹೋಗಿದ್ದ. ಅಧಿಕಾರಿ ಚಿಕ್ಕಮ್ಮನ ಕಡೆ ಕೈ ತೋರಿಸಿ ಏನೋ ಕೇಳಿದರು. ಹುಡುಗ ಕೈಕಟ್ಟಿಕೊಂಡು 'ಯಾ' ಅಂದ. ಅಧಿಕಾರಿ 'ತಾಯಿ' ಅಂತ ಬರೆದುಕೊಂಡರು.

ಇಲ್ಲಿಗೆ ಬಂದು ಇಂಗ್ಲಿಷ್ ಕಲಿತ ಮೇಲೆ ಅದನ್ನು ಅವರೇ ಓದಿದರು. ಆಮೇಲೆ ಹೆತ್ತ ತಾಯಿಯನ್ನು ಕರೆಸಿಕೊಳ್ಳಲು ಹೋದರೆ, ನಿನ್ನ ತಾಯಿ ಆಗಲೇ ಇಲ್ಲಿದ್ದಾರಲ್ಲ ಅನ್ನುತ್ತಿತ್ತು ಕಾಗದ. ಅದನ್ನು ಬಿಡಿಸುವ ಹೊತ್ತಿಗೆ 1991 ಬಂತು. ಅಷ್ಟರಲ್ಲಿ ಇವರು ಡಾಕ್ಟರ್ ಓದು ಮುಗಿಸುತ್ತಾ ಬಂದಿದ್ದರು. ಚಿಕ್ಕಮ್ಮ ಬಟ್ಟೆ ಹೊಲಿದು ಓದಿಸಿದ್ದರು. ಕೊನೆಗೆ ಇಬ್ಬರು ಅಮ್ಮಂದಿರೂ ಒಂದೇ ಮನೆಯಲ್ಲಿದ್ದರು.

ಅವತ್ತಿನಿಂದ ನಾನು ಕೇಳುವ ರೀತಿ ಬದಲಾಯಿತು. 'ಮಾತ್ರೆ ತಗೊಳ್ತೀರಾ' ಅಂತ ಕೇಳಲ್ಲ. 'ಇವತ್ತು ಬೆಳಿಗ್ಗೆ ಯಾವುದು ತಗೊಂಡ್ರಿ, ತೋರಿಸಿ' ಅಂತೀನಿ. ಮನೆಯಲ್ಲಿರುವ ಡಬ್ಬಿಯೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ ಅಂತೀನಿ, ಮೇಜಿನ ಮೇಲೆ ಸುರಿದು ಎಣಿಸ್ತೀನಿ. ದುಭಾಷಿ ಸಿಗುವ ತನಕ ಕಾಯ್ತೀನಿ, ಹೊರಗೆ ಎಷ್ಟೇ ಜನ ಇರಲಿ. ಡಾಕ್ಟರು ಹೇಳಿದ್ದನ್ನು ಪೇಶೆಂಟ್ ಬಾಯಲ್ಲೇ ವಾಪಸ್ ಹೇಳಿಸ್ತೀನಿ. ಮೊದಮೊದಲು ಒಬ್ಬೊಬ್ಬರಿಗೆ ನಾಲ್ಕು ನಿಮಿಷ ಜಾಸ್ತಿ ಹಿಡಿಯಿತು. ಬಾಕ್ ಸಿ ಒಂದು ಸಲವೂ ಬೇಗ ಮುಗಿಸು ಅನ್ನಲಿಲ್ಲ.

ಹೆಪಟೈಟಿಸ್ ಬಿ ವಿಷಯದಲ್ಲಂತೂ ಅವರು ಯಾರ 'ಯಾ'ವನ್ನೂ ನಂಬುತ್ತಿರಲಿಲ್ಲ. ವಿಯೆಟ್ನಾಂ ಕಡೆಯವರಲ್ಲಿ ಆ ವೈರಸ್ ಜಾಸ್ತಿ. ಹೆರಿಗೆ ಹೊತ್ತಿಗೆ ತಾಯಿಯಿಂದ ಮಗುವಿಗೆ ಬರುತ್ತದೆ, ಹತ್ತಾರು ವರ್ಷ ಸುಮ್ನೆ ಕೂತಿದ್ದು ಲಿವರ್ ಹಾಳುಮಾಡುತ್ತದೆ. ಟೆಸ್ಟ್ ಆಗಿದೆಯಾ ಅಂದರೆ ಎಲ್ಲರೂ 'ಯಾ' ಅನ್ನುತ್ತಿದ್ದರು. ಇವರು ರಿಪೋರ್ಟ್ ತೋರಿಸಿ ಅನ್ನುತ್ತಿದ್ದರು. ಇಲ್ಲದಿದ್ದರೆ ಅವತ್ತೇ ರಕ್ತ ತೆಗೆಸುತ್ತಿದ್ದರು. ಅವರಿಗೂ ಆ ವೈರಸ್ ಹುಟ್ಟಿನಿಂದ ಇತ್ತು. ಡಾಕ್ಟರ್ ಓದುವಾಗ ಗೊತ್ತಾಗಿತ್ತು. ಕೊನೆಗೆ ಲಿವರ್ ಕ್ಯಾನ್ಸರಿನಲ್ಲೇ ಹೋದರು.

ಅಂತ್ಯಕ್ರಿಯೆಗೆ ನಾವೆಲ್ಲ ಹೋಗಿದ್ದೆವು. ಮಕ್ಕಳು ತಲೆಗೆ ಬಿಳಿ ಬಟ್ಟೆ ಕಟ್ಟಿದ್ದರು, ಊದುಬತ್ತಿ ಹೊಗೆ ತುಂಬಿತ್ತು. ಮಾತ್ರೆ ಕೂಡಿಟ್ಟ ಆ ಅಜ್ಜಿಯ ಮಗಳು ಮೂಲೆಯಲ್ಲಿ ನಿಂತು ಅಳುತ್ತಿದ್ದರು. ಬಾಕ್ ಸಿಯವರ ಹೆತ್ತ ಅಮ್ಮ ಮೊದಲೇ ತೀರಿಕೊಂಡಿದ್ದರು. ತೊಂಬತ್ತು ದಾಟಿದ ಚಿಕ್ಕಮ್ಮ ಮುಂದಿನ ಕುರ್ಚಿಯಲ್ಲಿದ್ದರು. ತಲೆ ನರೆತವರು ತಲೆ ಹಸಿರಿರುವವರನ್ನು, ಅಂದರೆ ಕಿರಿಯರನ್ನು, ಕಳಿಸಿಕೊಡುವುದು ಅಂತ ಅವರಲ್ಲೊಂದು ಮಾತಿದೆ. ಇದಕ್ಕಿಂತ ದೊಡ್ಡ ದುಃಖ ಇಲ್ಲ ಅಂತಾರೆ.

ಕೈಮುಗಿದು ಅವರ ಹತ್ತಿರ ಬಗ್ಗಿದೆ. ನನ್ನ ಮುಖ ನೋಡಿದರು. 'ಆನ್ ಕಮ್ ಚುಆ?' ಅಂದರು.

ನಾನು 'ಯಾ' ಅಂದೆ.

ಅವರು ನನ್ನ ಕೈ ಬಿಡಲಿಲ್ಲ. ಮೊಮ್ಮಗಳನ್ನು ಕರೆದು ಏನೋ ಹೇಳಿದರು. ಅವಳು ಒಳಗೆ ಹೋಗಿ ಒಂದು ಬಟ್ಟಲು ಬಿಸಿ ಗಂಜಿ ತಂದು ನನ್ನ ಕೈಗಿಟ್ಟಳು.