ಎಂಎಸ್‌ಪಿ ಮೇಲೆ ಡಬಲ್ ಕ್ಲಿಕ್ ಬೇಡ

ಮೈಕ್ರೋಸಾಫ್ಟಿನ ಮೇಲ್ ಸರ್ವರ್ ಆದ ಎಕ್ಸ್‌ಚೇಂಜಿಗೆ ಎಂಎಸ್‌ಪಿ (ವಿಂಡೋಸಿನ ಪ್ಯಾಚ್ ಫೈಲ್) ರೂಪದ ಸೆಕ್ಯುರಿಟಿ ಅಪ್‌ಡೇಟ್ ಹಾಕುವಾಗ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ ಮಾರಾಯ್ರೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಅಲ್ಲಿಂದಲೇ ಓಡಿಸಿ. ಇಲ್ಲವಾದರೆ ಎರರ್ ಒಂದೂ ಬರದೆ ಮುಗಿದಂತೆ ಕಾಣುತ್ತದೆ, ಆದರೆ ಕೆಲವು ಫೈಲು ಹಳೆಯವೇ ಉಳಿದು ವೆಬ್‌ಮೇಲ್ ಕೆಡುತ್ತದೆ. 2022ರ ಮೇ ತಿಂಗಳಿಂದ ಬಂದ ಇಎಕ್ಸ್‌ಇ ಪ್ಯಾಕೇಜು ತಾನೇ ಅನುಮತಿ ಕೇಳುತ್ತದೆ, ಅದೇ ವಾಸಿ.

ಅಪ್‌ಡೇಟ್ ಅರ್ಧಕ್ಕೆ ನಿಂತಿತೇ? ಮೊದಲು ಸರ್ವಿಸಸ್ ಪಟ್ಟಿ ನೋಡಿ. ಇನ್‌ಸ್ಟಾಲರ್ ಶುರುವಿನಲ್ಲಿ ಸರ್ವಿಸ್‌ಗಳನ್ನು ಡಿಸೇಬಲ್ ಮಾಡುತ್ತದೆ, ಕೈಕೊಟ್ಟರೆ ಹಾಗೇ ಬಿಟ್ಟುಬಿಡುತ್ತದೆ. ಮೊದಲಿದ್ದ ಸ್ಟಾರ್ಟ್‌ಅಪ್ ಟೈಪಿಗೆ ತಂದು, ಸ್ಟಾರ್ಟ್ ಮಾಡಿ, ಮತ್ತೆ ಓಡಿಸಿ.

2022ರ ಜನವರಿ 1 ನೆನಪಾಗುತ್ತದೆ. ಎಕ್ಸ್‌ಚೇಂಜಿನ ಮಾಲ್‌ವೇರ್ ಸ್ಕ್ಯಾನರಿಗೆ ಅಂದು ಬಂದ ಆವೃತ್ತಿ ಸಂಖ್ಯೆ 2201010001. 32 ಬಿಟ್ಟಿನ ಸೈನ್ಡ್ ಸಂಖ್ಯೆಯಲ್ಲಿ (ಒಂದು ಬಿಟ್ ಚಿಹ್ನೆಗೆ) ಹಿಡಿಯುವುದು 2147483647 ಮಾತ್ರ. ಸ್ಕ್ಯಾನರ್ ಬಿತ್ತು, ಮೇಲ್ ಎಲ್ಲ ಕ್ಯೂನಲ್ಲಿ. ಊರಿಗೆಲ್ಲ ಹೊಸ ವರ್ಷ, ಸರ್ವರ್ ರೂಮಿಗೆ ಅಂಕಗಣಿತ!

ಅಂದಹಾಗೆ, ಎಕ್ಸ್‌ಚೇಂಜ್ 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ಮುಗಿದಿದೆ. 2019ರ ಸಿಯು14 ಅಥವಾ ಸಿಯು15 (ಸಿಯು ಅಂದರೆ ಕ್ಯುಮುಲೇಟಿವ್ ಅಪ್‌ಡೇಟ್) ಇದ್ದರೆ ಅದೇ ಸರ್ವರಿನ ಮೇಲೆ ಹೊಸ ಆವೃತ್ತಿಯಾದ ಸಬ್‌ಸ್ಕ್ರಿಪ್ಶನ್ ಎಡಿಷನ್ ಹಾಕಬಹುದು. 2016 ಇದ್ದವರು ಹೊಸ ಸರ್ವರ್ ಕಟ್ಟಿ ಮೇಲ್‌ಬಾಕ್ಸ್ ಸಾಗಿಸಬೇಕು.