ದೀಪಕ್ಕೆ ಮುಟ್ಟದ ಕರೆಂಟು

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಸೋಮವಾರ ಮತ್ತು ಗುರುವಾರ ನಡೆಯುವುದರಿಂದ, ಲಕ್ಷ್ಮೇಶ್ವರದ ಕಡೆಯ ನಾವು ಹಿಂದಿನ ರಾತ್ರಿಯೇ ಊಟ ಮುಗಿಸಿ, ಚೀಲ ಹೇರಿಕೊಂಡು, ಹಗ್ಗ ಬಿಗಿದು ಹೊರಡುವುದು ರೂಢಿ. ಸವಣೂರು, ಹಾವೇರಿ ದಾಟಿ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ ಬೆಳಗಾಗುವುದರೊಳಗೆ ದಲಾಲರ ಅಂಗಡಿಯ ಮುಂದೆ ಚೀಲ ಇಳಿದಿರುತ್ತವೆ. ನನ್ನ ಪಿಕಪ್ಪು 2009ರದು. ನನ್ನ ಕೈಗೆ ಬರುವಷ್ಟರಲ್ಲಿ ಅದು ಇಬ್ಬರು ಮಾಲೀಕರನ್ನು ಕಂಡಿತ್ತು. ಎಂಜಿನ್ನಿನ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ದೀಪಗಳು ಮಾತ್ರ ಮೊದಲ ದಿನದಿಂದಲೂ ಎಣ್ಣೆ ತೀರಿದ ಪಣತಿಯ ಹಾಗೆ ಕೆಂಪಗೆ ಉರಿಯುತ್ತಿದ್ದವು. ಹಳೆಯ ಗಾಡಿ ಎಂದ ಮೇಲೆ ಇಷ್ಟೇ ಎಂದುಕೊಂಡು ನಾನೂ ಸುಮ್ಮನಿದ್ದೆ.

ಕಳೆದ ಫೆಬ್ರುವರಿಯ ಒಂದು ಬುಧವಾರ ರಾತ್ರಿ ಸವಣೂರು ಇನ್ನೂ ಐದಾರು ಕಿಲೋಮೀಟರ್ ಇರುವಾಗ, ಕಣಿಕೆ ಹೇರಿದ್ದ ಒಂದು ಚಕ್ಕಡಿ ನನ್ನ ಮುಂದೆ ನೆಲದಿಂದ ಎದ್ದು ಬಂದಂತೆ ಕಾಣಿಸಿಕೊಂಡಿತು. ಅದಕ್ಕೆ ಹಿಂದೆ ಕಂದೀಲೂ ಇರಲಿಲ್ಲ, ರೇಡಿಯಂ ಪಟ್ಟಿಯೂ ಇರಲಿಲ್ಲ. ಎರಿ ಭೂಮಿಯ ನಡುವಿನ ಕಪ್ಪು ರಸ್ತೆಯಲ್ಲಿ ಒಣ ಕಣಿಕೆಯ ಬಣ್ಣ ಕಂಡದ್ದು ಹೆಚ್ಚೆಂದರೆ ಮೂವತ್ತು ಅಡಿ ದೂರದಿಂದ. ನಾನು 40ರ ವೇಗದಲ್ಲಿದ್ದೆ. ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ, ಅಂದರೆ ಬ್ರೇಕಿನ ಮೇಲೆ ಕಾಲಿಡಬೇಕೆಂದು ತಲೆಗೆ ಹೊಳೆಯುವಷ್ಟರಲ್ಲೇ ಆ ಮೂವತ್ತು ಅಡಿ ತೀರಿಹೋಗಿರುತ್ತದೆ. ಎದುರಿನಿಂದ ಯಾರೂ ಬರುತ್ತಿರಲಿಲ್ಲವಾದ್ದರಿಂದ ಸ್ಟೇರಿಂಗನ್ನು ಬಲಕ್ಕೆ ಎಳೆದು ಪಾರಾದೆ. ಚಕ್ಕಡಿಯ ಮೇಲಿದ್ದ ಹಿರಿಯರು ನಿದ್ದೆಯಿಂದ ಎಚ್ಚರಗೊಂಡಂತೆಯೂ ಕಾಣಲಿಲ್ಲ. ಎತ್ತುಗಳು ಮಾತ್ರ ಕೊರಳ ಗಂಟೆ ಅಲ್ಲಾಡಿಸಿದವು. ಹಾವೇರಿಯಲ್ಲಿ ಚಹಾದ ಗ್ಲಾಸು ಹಿಡಿದಾಗ ನನ್ನ ಕೈ ಇನ್ನೂ ನಡುಗುತ್ತಿತ್ತು.

ದೀಪ ಮಂಕಾದರೆ ದೊಡ್ಡ ಬಲ್ಬು ಹಾಕಬೇಕು ಎನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ; ನನಗೂ ಅದೇ ಹೊಳೆಯಿತು. ನನ್ನ ಗಾಡಿಯದು ಎಚ್-4 ಬಲ್ಬು. ಒಂದೇ ಗಾಜಿನೊಳಗೆ ಎರಡು ತಂತಿ, ಬ್ರೈಟಿಗೆ 60 ವ್ಯಾಟ್, ಡಿಮ್ಮಿಗೆ 55. ಬಿಡಿಭಾಗಗಳ ಅಂಗಡಿಯೊಂದರಲ್ಲಿ 100/90 ವ್ಯಾಟಿನವು ಇವೆ ಎಂದು ತೋರಿಸಿದರು, ಕೊಂಡು ಹಾಕಿಸಿದೆ. ನಿಯಮದ ಪ್ರಕಾರ ಅವು ರಸ್ತೆಯ ಬಳಕೆಗೆ ಸಲ್ಲುವುದಿಲ್ಲ ಎಂಬುದನ್ನು ಕೊಟ್ಟವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ರಾತ್ರಿ ಬೆಳಕು ಕೊಂಚ ಹೆಚ್ಚಿದಂತೆ ಅನ್ನಿಸಿತು. ಮೂರನೆಯ ರಾತ್ರಿ ಬಾನೆಟ್ಟಿನ ಸಂದಿಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು, ಬಲಗಡೆಯ ದೀಪ ಆರಿಹೋಯಿತು. ತೆಗೆದು ನೋಡಿದರೆ ಹೋಲ್ಡರು ಬೆಲ್ಲದಂತೆ ಕರಗಿ ಬಲ್ಬಿನ ಕಾಲುಗಳಿಗೆ ಅಂಟಿಕೊಂಡಿತ್ತು.

ಮರುದಿನ ಬೆಳಿಗ್ಗೆ ಒಂದೇ ಕಣ್ಣಿನ ಗಾಡಿ ತೆಗೆದುಕೊಂಡು ಹುಬ್ಬಳ್ಳಿಗೆ ಹೋದೆ. ಗಬ್ಬೂರ ಕ್ರಾಸಿನ ಕಡೆ ಲಾರಿಗಳ ವೈರಿಂಗ್ ಮಾಡುವ ಒಬ್ಬ ಎಲೆಕ್ಟ್ರಿಷಿಯನ್ನರ ಬಗ್ಗೆ ನಮ್ಮೂರಿನ ಟ್ರಾಕ್ಟರ್ ಚಾಲಕ ಹೇಳಿದ್ದ. ಅವರು ಕರಗಿದ ಹೋಲ್ಡರನ್ನು ಕೈಯಲ್ಲಿ ತಿರುಗಿಸಿ ನೋಡಿ, ಹಳೆಯ ಬಲ್ಬುಗಳನ್ನು ಇಟ್ಟಿದ್ದೀರಾ ಎಂದಷ್ಟೇ ಕೇಳಿದರು. ಪುಣ್ಯಕ್ಕೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದ್ದವು. ತಾತ್ಕಾಲಿಕ ಹೋಲ್ಡರಿನಲ್ಲಿ ಅವನ್ನೇ ಕೂರಿಸಿ, ಎಂಜಿನ್ ಚಾಲೂ ಮಾಡಿಸಿ, ಮಲ್ಟಿಮೀಟರ್ ಹಿಡಿದರು.

ನಾನು ನನ್ನ ತಿಳಿವಳಿಕೆಯನ್ನು ತೋರಿಸಲು, ಊರಲ್ಲಿ ಒಬ್ಬರು ಹೋಲ್ಡರ್ ಬಿಚ್ಚಿ ಮೀಟರ್ ಹಚ್ಚಿ ನೋಡಿದ್ದಾರೆ, ಕರೆಂಟು ಪೂರ್ತಿ ಬರುತ್ತದೆ ಎಂದೆ. ಅವರು ನಕ್ಕು, “ಬರೋದು ಬ್ಯಾರೆ ರೀ, ಮುಟ್ಟೋದು ಬ್ಯಾರೆ” ಎಂದರು. ನನ್ನ ಕಣ್ಣೆದುರೇ ಹೋಲ್ಡರ್ ಬಿಚ್ಚಿ ಅಳೆದಾಗ 13.8 ವೋಲ್ಟ್ ತೋರಿಸಿತು. ಅದನ್ನೇ ಬಲ್ಬಿಗೆ ಸಿಕ್ಕಿಸಿ, ದೀಪ ಉರಿಯುತ್ತಿರುವಾಗ ಹಿಂದಿನಿಂದ ಸೂಜಿ ತೂರಿಸಿ ಅಳೆದಾಗ 11.2ಕ್ಕೆ ಇಳಿಯಿತು. ಬ್ಯಾಟರಿಯ ಮೇಲೆ ಆಗಲೂ 13.9 ಇತ್ತು. ಬೋರಿನ ಪೈಪಿಗೆ ವಾಲ್ವ್ ಮುಚ್ಚಿದಾಗ ಒತ್ತಡ ಪೂರ್ತಿ ತೋರಿಸುತ್ತದೆ, ಕಟ್ಟಿಕೊಂಡ ಪೈಪಾದರೆ ವಾಲ್ವ್ ತೆರೆದ ಕೂಡಲೇ ಕೊನೆಯ ಮಡಿಗೆ ಸಣ್ಣ ಧಾರೆ ಬೀಳುತ್ತದೆ. ಹೊಲದಲ್ಲಿ ನಿತ್ಯ ಕಾಣುವ ಈ ಸಂಗತಿ ಗಾಡಿಯ ವೈರಿಗೂ ಅನ್ವಯಿಸುತ್ತದೆ ಎಂದು ನನಗೆ ಇಷ್ಟು ದಿನ ತೋಚಿರಲಿಲ್ಲ.

ಕಳೆದುಹೋದ 2.7 ವೋಲ್ಟಿನಲ್ಲಿ 1.8 ಹೋಗುವ ದಾರಿಯಲ್ಲಿ, ಉಳಿದ 0.9 ಮರಳುವ ದಾರಿಯಲ್ಲಿ, ಅಂದರೆ ಅರ್ತಿನಲ್ಲಿ ನಷ್ಟವಾಗುತ್ತಿತ್ತು. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಲೆಕ್ಕದಲ್ಲೇ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ: ವೋಲ್ಟೇಜು ನೂರರಲ್ಲಿ ಹತ್ತು ಕಡಿಮೆಯಾದರೆ ಬೆಳಕು ನೂರರಲ್ಲಿ ಮೂವತ್ತು ಕಡಿಮೆಯಾಗುತ್ತದೆ. ನನ್ನ ಗಾಡಿಯಲ್ಲಿ ಸುಮಾರು ಇಪ್ಪತ್ತು ಕಡಿಮೆಯಾಗಿತ್ತು, ಆದ್ದರಿಂದ ಸಿಗಬೇಕಾದ ಬೆಳಕಿನ ಅರ್ಧವೂ ಸಿಗುತ್ತಿರಲಿಲ್ಲ. ದೊಡ್ಡ ಬಲ್ಬು ಹಾಕಿದಾಗ ಅದೇ ವೈರು ಇನ್ನಷ್ಟು ಕರೆಂಟು ಹೊರಬೇಕಾಯಿತು. ಕರೆಂಟು ಹೆಚ್ಚಿದಷ್ಟೂ ದಾರಿಯಲ್ಲಿ ಸೋರುವ ವೋಲ್ಟೇಜೂ ಹೆಚ್ಚುವುದರಿಂದ, ನಾನು ಕೊಟ್ಟ ದುಡ್ಡು ಬೆಳಕಾಗುವ ಬದಲು ಕಾವಾಗಿ ಹೋಲ್ಡರನ್ನು ಕರಗಿಸಿತ್ತು. “ಬಲ್ಬಿಂದೇನೂ ತಪ್ಪಿಲ್ರಿ” ಎಂದರು ಎಲೆಕ್ಟ್ರಿಷಿಯನ್ನರು. “ಹೊಟ್ಟಿಗೆ ಹಾಕಲಾರದ ಎತ್ತಿಗೆ ಬಾರಕೋಲು ಬೀಸಿದ್ರ ಅದರ ಏನ್ ಮಾಡ್ಬೇಕ್ರಿ?”

ಹಳೆಯ ವೈರನ್ನು ಅವರು ಅರ್ತಿನ ಬೋಲ್ಟಿನ ಬಳಿ ಕತ್ತರಿಸಿ ನನ್ನ ಅಂಗೈಯಲ್ಲಿಟ್ಟರು. ಮೇಲಿನ ಪ್ಲಾಸ್ಟಿಕ್ ಸರಿಯಾಗಿಯೇ ಇತ್ತು. ಸುಲಿದಾಗ ಒಳಗಿನ ತಾಮ್ರದ ಎಳೆಗಳು ಕಡ್ಡಿಪೆಟ್ಟಿಗೆಯ ಸುಟ್ಟ ಕಡ್ಡಿಯಷ್ಟು ಕಪ್ಪಾಗಿದ್ದವು. ಉಗುರಿನಿಂದ ಕೆರೆದರೆ ತಾಮ್ರದ ಬಣ್ಣ ಸಿಗಲಿಲ್ಲ, ಹಸಿರು ಪುಡಿ ಉದುರಿತು. ಬೋಲ್ಟು ಕೂತಿದ್ದ ತಗಡಿನ ಮೇಲೆ ಬಣ್ಣ, ಅದರ ಮೇಲೆ ತುಕ್ಕು, ಅದರ ಮೇಲೆ ಕೆಸರು. ಈ ಮೂರರ ಮೂಲಕ ಕರೆಂಟು ಮರಳಬೇಕಾಗಿತ್ತು. ಹೋಗುವ ದಾರಿಯೂ ಇದಕ್ಕಿಂತ ಮೇಲಾಗಿರಲಿಲ್ಲ: ಬ್ಯಾಟರಿಯಿಂದ ಒಳಗೆ ಸ್ಟೇರಿಂಗ್ ಕೆಳಗಿನ ಸ್ವಿಚ್ಚಿಗೆ, ಅಲ್ಲಿಂದ ಡಿಪ್ಪರಿಗೆ, ಫ್ಯೂಸ್ ಪೆಟ್ಟಿಗೆಗೆ, ಮತ್ತೆ ಹೊರಗೆ ಮೂತಿಗೆ, ಸಣ್ಣ ವೈರಿನ ಸುತ್ತುಬಳಸು. ಎರಡು ಬಲ್ಬಿನ 8 ಆಂಪಿಯರ್ ಪೂರ್ತಿ ಆ ಸವೆದ ಸ್ವಿಚ್ಚಿನ ಮೂಲಕವೇ ಹಾಯುತ್ತಿತ್ತು. ರಾತ್ರಿ ಸ್ವಿಚ್ಚಿನ ಹಿಡಿ ಬಿಸಿಯಾಗುವುದನ್ನು ನಾನು ಎಂಜಿನ್ನಿನ ಕಾವು ಎಂದು ತಿಳಿದಿದ್ದೆ.

ಪರಿಹಾರ ಎರಡು ರಿಲೇಗಳು, ಡಿಮ್ಮಿಗೊಂದು, ಬ್ರೈಟಿಗೊಂದು. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟಿನ ಬಾಗಿಲು ತೆರೆಯುವ ಸಾಧನ. ಅದಕ್ಕೆ ನಾಲ್ಕು ಕಾಲುಗಳು, ಪ್ರತಿಯೊಂದಕ್ಕೂ ಅಂಕಿ ಒತ್ತಿರುತ್ತದೆ. 30ಕ್ಕೆ ಬ್ಯಾಟರಿಯಿಂದ ನೇರ ವೈರು, 87ರಿಂದ ಬಲ್ಬಿಗೆ. 85 ಮತ್ತು 86 ಒಳಗಿನ ಸುರುಳಿಯವು, ಅವುಗಳಲ್ಲಿ ಒಂದಕ್ಕೆ ಗಾಡಿಯ ಹಳೆಯ ದೀಪದ ವೈರು, ಇನ್ನೊಂದಕ್ಕೆ ಅರ್ತು. ಹೀಗಾದಾಗ ಹಳೆಯ ಸ್ವಿಚ್ಚು ಸುರುಳಿಗೆ ಬೇಕಾದ ಅತ್ಯಲ್ಪ ಕರೆಂಟನ್ನಷ್ಟೇ ಹೊರುತ್ತದೆ. ಬ್ಯಾಟರಿಯಿಂದ 2.5 ಚದರ ಮಿಲಿಮೀಟರಿನ ಹೊಸ ವೈರು ಎಳೆದು, ಬ್ಯಾಟರಿಯಿಂದ ಗೇಣುದ್ದದೊಳಗೇ 20 ಆಂಪಿಯರಿನ ಫ್ಯೂಸ್ ಕೂರಿಸಿದರು. ರಿಲೇಯ ಹತ್ತಿರ ಕೂರಿಸಿದರಾಗದೇ ಎಂದು ಕೇಳಿದೆ. ಫ್ಯೂಸಿನ ಹಿಂದಿನ ವೈರು ಎಲ್ಲಾದರೂ ಉಜ್ಜಿ ತಗಡಿಗೆ ತಗುಲಿದರೆ ಅದನ್ನು ಕಾಯುವವರೇ ಇರುವುದಿಲ್ಲ, ಗಾಡಿಗೆ ಬೆಂಕಿ ಹತ್ತುತ್ತದೆ, ಆದ್ದರಿಂದ ಆ ಭಾಗ ಎಷ್ಟು ಗಿಡ್ಡವಿದ್ದರೆ ಅಷ್ಟು ಒಳ್ಳೆಯದು ಎಂದರು. ರಿಲೇಗಳನ್ನು ಕಾಲು ಕೆಳಗಾಗಿ ನೇತುಹಾಕಿದರು, ತೊಳೆದಾಗ ನೀರು ನಿಲ್ಲಬಾರದೆಂದು. ಪ್ಲಾಸ್ಟಿಕ್ಕಿನ ಬದಲು ಸಿರಾಮಿಕ್ ಹೋಲ್ಡರ್ ಬಂದವು. ಅರ್ತಿನ ಕಾಲಿನಿಂದ ಬ್ಯಾಟರಿಯ ನೆಗೆಟಿವಿಗೆ ನೇರವಾಗಿ ಕಪ್ಪು ವೈರು ಹೋಯಿತು.

ಈ ಕೆಲಸ ನಡೆಯುವಾಗ ಎದುರಿನ ಅಂಗಡಿಯ ಹುಡುಗ ಎಲ್‌ಇಡಿ ಬಲ್ಬಿನ ಡಬ್ಬಿ ಹಿಡಿದು ಎರಡು ಸಲ ಬಂದು ಹೋದ. ನನಗೂ ಮನಸ್ಸಾಗಿತ್ತು. ಎಚ್-4 ಬಲ್ಬಿನ ಡಿಮ್ಮಿನ ತಂತಿಯ ಕೆಳಗೆ ಚಮಚದಂಥ ಒಂದು ಪುಟ್ಟ ಲೋಹದ ಮರೆ ಇರುತ್ತದೆ. ಬೆಳಕು ಎದುರಿನವರ ಕಣ್ಣಿಗೆ ಏರದಂತೆ ತಡೆಯುವುದು ಅದೇ. ಈ ದೀಪದ ಬೋಗುಣಿಯನ್ನು ಆ ತಂತಿ ಇರುವ ಜಾಗಕ್ಕೆ ತಕ್ಕಂತೆ ಮಾಡಿರುತ್ತಾರೆ, ಎಲ್‌ಇಡಿಯ ಚುಕ್ಕೆಗಳು ಒಂದು ಕೂದಲೆಳೆ ಆಚೀಚೆ ಕೂತರೂ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ ಎಂದು ಎಲೆಕ್ಟ್ರಿಷಿಯನ್ನರು ವಿವರಿಸಿದ ಮೇಲೆ ಡಬ್ಬಿ ವಾಪಸಾಯಿತು. ಹೆದ್ದಾರಿಯಲ್ಲಿ ನಮ್ಮ ಕಣ್ಣು ಕೀಳುವ ಆ ನೀಲಿ ಬಿಳುಪಿನ ಗಾಡಿಗಳ ಸಾಲಿಗೆ ಇನ್ನೊಂದನ್ನು ಸೇರಿಸುವ ಆಸೆ ನನಗಿರಲಿಲ್ಲ.

ಎಡಗಡೆಯ ದೀಪದ ಬೋಗುಣಿಯೊಳಗೆ ನೀರು ಹೊಕ್ಕು ಹೊಳಪು ಸತ್ತಿತ್ತು. ಬಟ್ಟೆಯಿಂದ ಒರೆಸಿದರೆ ಇದ್ದ ಲೇಪವೂ ಎದ್ದುಬರುತ್ತದೆ ಎಂದದ್ದರಿಂದ ಆ ದೀಪವನ್ನೇ ಹೊಸದು ಹಾಕಿಸಿದೆ. ಬಲದ ದೀಪದ ಗಾಜಿನ ನಡುವೆ ಹಿಂದಿನ ಮಾಲೀಕರು ಹಚ್ಚಿದ್ದ ಕಪ್ಪು ಬೊಟ್ಟು ಹಾಗೆಯೇ ಉಳಿಯಿತು. ಒಂದೇ ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ ಕಾಣುತ್ತದೆ. ಎಲ್ಲ ಸೇರಿ 2,600 ರೂಪಾಯಿ ಆಯಿತು. ಕೊನೆಗೆ ಸ್ವಿಚ್ಚು ಒತ್ತಿದಾಗ ಬಾನೆಟ್ಟಿನೊಳಗೆ ‘ಟಿಕ್’ ಎಂದಿತು, ಮೀಟರು ಬಲ್ಬಿನ ಕಾಲಿನಲ್ಲಿ 13.4 ತೋರಿಸಿತು. ಅದೇ ಹಳೆಯ 60/55 ಬಲ್ಬು. ಕೆಂಪು ಹೋಗಿ ಬೆಳ್ಳಗೆ ಉರಿಯುತ್ತಿತ್ತು.

ಕೆಲಸ ಮುಗಿಯಿತೆಂದು ನಾನು ಕೀಲಿಕೈಗೆ ಕೈ ಹಾಕಿದರೆ, ಬೆಳಕು ಎಲ್ಲಿ ಬೀಳಬೇಕು ಎನ್ನುವುದನ್ನು ಮನೆಯಲ್ಲಿ ನೀವೇ ಹೊಂದಿಸಿಕೊಳ್ಳಬೇಕು, ಅದೂ ಹೇರು ಹೇರಿಕೊಂಡು, ಎಂದರು. ನನ್ನ ಮಟ್ಟಿಗೆ ಆ ದಿನದ ದೊಡ್ಡ ಪಾಠ ಇಲ್ಲಿಯೇ ಇತ್ತು. ಸಂಜೆ ಊರಿಗೆ ಬಂದು ದನದ ಕೊಟ್ಟಿಗೆಯ ಗೋಡೆಯಿಂದ 10 ಮೀಟರ್ ದೂರಕ್ಕೆ, ಸಮತಟ್ಟಾದ ಕಣದ ಮೇಲೆ ಗಾಡಿ ನಿಲ್ಲಿಸಿದೆ. ದೀಪದ ನಡುಭಾಗ ನೆಲದಿಂದ 82 ಸೆಂ.ಮೀ. ಎತ್ತರದಲ್ಲಿತ್ತು, ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಇದ್ದಿಲಿನಿಂದ ಒಂದು ಗೆರೆ, ಅದರ ಕೆಳಗೆ 10 ಸೆಂ.ಮೀ.ಗೆ ಇನ್ನೊಂದು ಗೆರೆ ಎಳೆದೆ. ಡಿಮ್ ದೀಪದ ಮೇಲಂಚು ಕೆಳಗಿನ ಗೆರೆಯ ಮೇಲೆ ಕೂರಬೇಕು, ಎಡಕ್ಕೆ ಮಾತ್ರ ಕೊಂಚ ಮೇಲೇರಬಹುದು. ಖಾಲಿ ಗಾಡಿಯಲ್ಲಿ ಅದು ಸರಿಯಾಗಿಯೇ ಕೂತಿತು.

ಆಮೇಲೆ ತಮ್ಮನನ್ನು ಕರೆದು 20 ಚೀಲ ಜೋಳ ಹೇರಿದೆವು, ಹೆಚ್ಚುಕಡಿಮೆ ಒಂದು ಟನ್ನು. ಗಾಡಿಯ ಹಿಂಭಾಗ ಮುಂಭಾಗಕ್ಕಿಂತ 6 ಸೆಂ.ಮೀ. ಹೆಚ್ಚು ಕುಸಿಯಿತು. ಗಾಲಿಗಳ ನಡುವಿನ ಅಂತರ ಸುಮಾರು 3 ಮೀಟರ್ ಆದ್ದರಿಂದ ಗೋಡೆಯ ಮೇಲೆ ಬೆಳಕಿನ ಅಂಚು 20 ಸೆಂ.ಮೀ. ಏರಿ, ಮೇಲಿನ ಗೆರೆಯನ್ನೂ ದಾಟಿ ನಿಂತಿತು. ಅಂದರೆ ಇಷ್ಟು ವರ್ಷ ಬ್ಯಾಡಗಿಗೆ ಹೋಗುವಾಗಲೆಲ್ಲ ಇದ್ದ ಅರ್ಧ ಬೆಳಕನ್ನೂ ನಾನು ಬೇವಿನ ಮರಗಳ ತುದಿಗೆ ಮತ್ತು ಎದುರಿನ ಚಾಲಕರ ಕಣ್ಣಿಗೆ ಸುರಿಯುತ್ತಿದ್ದೆ. ಅವರು ಡಿಪ್ಪರ್ ಹೊಡೆದು ಬೈದಾಗ, ಇಷ್ಟು ಮಂಕು ದೀಪಕ್ಕೂ ಇವರಿಗೆ ಸಿಟ್ಟೇ ಎಂದು ನಾನೇ ತಿರುಗಿ ಬೈದದ್ದುಂಟು.

ಹೊಸ ಗಾಡಿಗಳಲ್ಲಿ ಹೇರಿಗೆ ತಕ್ಕಂತೆ ದೀಪ ತಗ್ಗಿಸುವ ತಿರುಗಣೆ ಸ್ಟೇರಿಂಗ್ ಪಕ್ಕದಲ್ಲೇ ಇರುತ್ತದೆ, ನನ್ನದರಲ್ಲಿ ಇಲ್ಲ. ನಾನು ರಾತ್ರಿ ಓಡಿಸುವುದು ಹೇರು ಇದ್ದಾಗ, ಮರಳುವುದು ಹಗಲಿನಲ್ಲಿ ಖಾಲಿಯಾಗಿ; ಆದ್ದರಿಂದ ಹೇರಿದ ಸ್ಥಿತಿಯಲ್ಲಿಯೇ ಸ್ಕ್ರೂ ತಿರುಗಿಸಿ ಅಂಚನ್ನು ಕೆಳಗಿನ ಗೆರೆಗೆ ತಂದೆ. ಇದರಿಂದ ಹೇರು ಇದ್ದಾಗ ಡಿಮ್ಮಿನ ಬೆಳಕು 80 ಮೀಟರಿನವರೆಗೆ ಹೋಗುತ್ತದೆ, ಖಾಲಿ ಇದ್ದಾಗ 27 ಮೀಟರಿಗೇ ನೆಲ ಮುಟ್ಟುತ್ತದೆ. ಖಾಲಿ ಗಾಡಿಯಲ್ಲಿ ರಾತ್ರಿ ಹೋಗಲೇಬೇಕಾದರೆ 35 ದಾಟಿಸುವುದಿಲ್ಲ.

ಮುಂದಿನ ಬುಧವಾರ ಅದೇ ರಸ್ತೆಯಲ್ಲಿ ಹೋದೆ. ಎಡಬದಿಯ ಕಿಲೋಮೀಟರ್ ಕಲ್ಲಿನ ಅಕ್ಷರಗಳನ್ನು ಡಿಮ್ಮಿನಲ್ಲೇ ಓದಬಹುದಾಗಿತ್ತು. ಸವಣೂರಿನ ಈಚೆಗೆ ಮತ್ತೊಂದು ಕಣಿಕೆಯ ಚಕ್ಕಡಿ ಸಿಕ್ಕಿತು, ಅದರ ಗಾಲಿಯ ಕಬ್ಬಿಣದ ಪಟ್ಟಿ ದೂರದಿಂದಲೇ ಮಿನುಗಿದ್ದರಿಂದ ನಿಧಾನಿಸಿ, ಹಾರ್ನ್ ಕೂಡ ಹಾಕದೆ ದಾಟಿದೆ. ಮೋಟೆಬೆನ್ನೂರಿನವರೆಗೆ ಎದುರಿನವರು ಯಾರೂ ಡಿಪ್ಪರ್ ಹೊಡೆಯಲಿಲ್ಲ.

ಯುಗಾದಿಗೆ ಕೊಟ್ಟಿಗೆಗೆ ಸುಣ್ಣ ಬಳಿಯುವಾಗ ನನ್ನ ಹೆಂಡತಿ ಆ ಇದ್ದಿಲಿನ ಗೆರೆಗಳನ್ನು ಮಕ್ಕಳ ಕೆಲಸವೆಂದು ತಿಳಿದು ಕುಂಚ ಎತ್ತಿದ್ದಳು. ಅಷ್ಟು ಜಾಗ ಬಿಟ್ಟು ಬಳಿ ಎಂದೆ. ಬಿಳಿ ಗೋಡೆಯ ನಡುವೆ ಮಾಸಲು ಪಟ್ಟಿಯೊಂದು ಹಾಗೆಯೇ ಉಳಿದಿದೆ. ಬಂದವರೆಲ್ಲ ಸುಣ್ಣ ಸಾಲಲಿಲ್ಲವೇ ಎಂದು ಕೇಳುತ್ತಾರೆ.